ಖಳನ ಮರಣವನ್ನು ಬರೆಯಹೊರಟವರಿಗೆ

ಮುಂಬಯಿಯ ಕನ್ನಡ ಮನೆಗಳಲ್ಲಿ ಬೆಳೆದು ಚಿತ್ರಕಥೆಗಳನ್ನು ರಚಿಸಹೊರಟಿರುವ ತರುಣ ತರುಣಿಯರಿಗೆ,



ನಿಮ್ಮಲ್ಲಿ ಹಲವರು ವಿಶ್ವಾಸವಿಟ್ಟು ನನಗೆ ಓದಲು ಕೊಟ್ಟ ಚಿತ್ರಕಥೆಗಳನ್ನು ಸಾವಧಾನವಾಗಿ ಓದಿದ್ದೇನೆ. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ, ಬೀದಿಯಲ್ಲಿ ಮರಾಠಿ ಹಿಂದಿಗಳನ್ನು, ಶಾಲೆಯಲ್ಲಿ ಇಂಗ್ಲಿಷನ್ನು ಆಡುತ್ತ ಬೆಳೆದ ನೀವು, ಈ ಮಹಾನಗರದ ಲೋಕಲ್ ರೈಲುಗಳನ್ನೂ ಚಾಳುಗಳನ್ನೂ ವಾಕೋಲಾ ನಾಲೆಯನ್ನೂ ವಿಮಾನಗಳು ನೆತ್ತಿಯ ಮೇಲೆಯೇ ಹಾದುಹೋಗುವ ತಾರಸಿಗಳನ್ನೂ ಅಷ್ಟು ಸಹಜವಾಗಿ ರೇಖೆಗಳಲ್ಲಿ ಹಿಡಿದು, ಅವುಗಳ ನಡುವೆ ಕನ್ನಡ ಮಾತನಾಡುವ ಅತಿಮಾನುಷ ನಾಯಕನೊಬ್ಬನನ್ನು ನಿಲ್ಲಿಸಿರುವುದನ್ನು ಕಂಡು ನನಗಾದ ಸಂತೋಷವು ಅಲ್ಪವಲ್ಲ. ಆದರೆ ಕಥೆಗಳು ಬೇರೆಬೇರೆಯಾದರೂ ಅವುಗಳ ಕೊನೆಯ ಪುಟ ಮಾತ್ರ ಒಂದೇ ಬಗೆಯದಾಗಿದೆ: ನಾಯಕನು ಖಳನನ್ನು ಕೊಲ್ಲುತ್ತಾನೆ, ಕೊಂದು, ಸತ್ತವನ ಕಡೆಗೆ ತಿರುಗಿಯೂ ನೋಡದೆ, ಜಯಘೋಷ ಮಾಡುವ ಜನಸ್ತೋಮಕ್ಕೆ ಮುಖವೊಡ್ಡಿ ನಿಲ್ಲುತ್ತಾನೆ. ಇದು ಏಕೆ ಹೀಗೆಂದು ನಾನು ಕೇಳಿದಾಗ ನಿಮ್ಮಲ್ಲೊಬ್ಬರು, ಬ್ಯಾಟ್‌ಮನ್ ಎಂಬವನು ಜೋಕರನೆಂಬ ಖಳನನ್ನು ಕೊಲ್ಲದೆ ಬಿಟ್ಟುದರಿಂದಲೇ ಒಂದು ಊರು ಹಾಳಾಯಿತೆಂದೂ, ನಮ್ಮ ರಾಮನು ರಾವಣನನ್ನು ಹಾಗೆ ಬಿಟ್ಟನೆ ಎಂದೂ ನನ್ನನ್ನೇ ಮರುಪ್ರಶ್ನಿಸಿದರು. ಆ ಪ್ರಶ್ನೆ ಗಂಭೀರವಾದುದು. ಅದಕ್ಕೆ ಸಭೆಯ ಗದ್ದಲದಲ್ಲಿ ನಿಂತು ಒಂದೆರಡು ಮಾತಿನ ಉತ್ತರ ಹೇಳುವುದು ಪ್ರಶ್ನೆಗೂ ಕೇಳಿದವರಿಗೂ ಮಾಡುವ ಅಗೌರವವಾದೀತೆಂದು ಈ ಪತ್ರವನ್ನು ಬರೆಯುತ್ತಿದ್ದೇನೆ.

ಮೊದಲು ಬ್ಯಾಟ್‌ಮನ್ನನ ವಿಚಾರವನ್ನೇ ನೋಡೋಣ. ಅಮೆರಿಕದಲ್ಲಿ ಸೂಪರ್‌ಮನ್ ಎಂಬ ಅತಿಮಾನುಷ ನಾಯಕನು ಒಂದು ಚಿತ್ರಕಥಾ ಪತ್ರಿಕೆಯ 1938ರ ಜೂನ್ ಸಂಚಿಕೆಯಲ್ಲಿಯೂ ಬ್ಯಾಟ್‌ಮನ್ ಇನ್ನೊಂದರ 1939ರ ಮೇ ಸಂಚಿಕೆಯಲ್ಲಿಯೂ ಅವತರಿಸಿದರು. ಈ ಎರಡನೆಯವನು ಹುಟ್ಟಿನಿಂದಲೇ ಅಹಿಂಸಾವ್ರತಿಯಾಗಿದ್ದನೆಂದು ತಿಳಿಯಬಾರದು. ಅವನ ಪ್ರಪ್ರಥಮ ಕಥೆಯಲ್ಲಿಯೇ ದುಷ್ಟನೊಬ್ಬನು ಅವನ ಹೊಡೆತದಿಂದ ಆಮ್ಲದ ತೊಟ್ಟಿಯಲ್ಲಿ ಬಿದ್ದು ಸಾಯುತ್ತಾನೆ, ಇಂಥವರಿಗೆ ಇದೇ ತಕ್ಕ ಗತಿಯೆಂಬಂತೆ ನಾಯಕನು ಸುಮ್ಮನಾಗುತ್ತಾನೆ. 1940ರಲ್ಲಿ ಅವನ ಹೆಸರಿನದೇ ಪತ್ರಿಕೆ ಹೊರಟಾಗ ಅದರ ಮೊದಲನೆಯ ಸಂಚಿಕೆಯಲ್ಲಿ ಜೋಕರನು ಬಂದನು, ಮತ್ತು ಆ ಸಂಚಿಕೆಯಲ್ಲಿಯೇ ಅವನು ಸಾಯಬೇಕೆಂದು ಕರ್ತೃಗಳು ಸಂಕಲ್ಪಿಸಿದ್ದರು. ಆದರೆ ವ್ಹಿಟ್ನಿ ಎಲ್ಸ್‌ವರ್ತ್ ಎಂಬ ಸಂಪಾದಕರು ಇಂಥ ಖಳನನ್ನು ಕಳೆದುಕೊಳ್ಳುವುದು ನಷ್ಟವೆಂದು ಬಗೆದು, ಅವನಿನ್ನೂ ಬದುಕಿದ್ದಾನೆಂದು ತೋರಿಸುವ ಒಂದು ಚಿತ್ರವನ್ನು ಕೊನೆಯಲ್ಲಿ ಸೇರಿಸುವಂತೆ ಮಾಡಿದರು. ನಾಯಕನು ಯಾರನ್ನೂ ಕೊಲ್ಲಕೂಡದೆಂಬ ನಿಯಮವೂ ಸುಮಾರು ಆ ಕಾಲದಲ್ಲಿಯೇ ಸಂಪಾದಕರ ಕೊಠಡಿಯಿಂದ ಹೊರಟಿತು. ಬಾಲಕರು ಓದುವ ಪತ್ರಿಕೆಯಲ್ಲಿ ನಾಯಕನ ಕೈ ರಕ್ತಸಿಕ್ತವಾಗಬಾರದೆಂಬ ಕಾಳಜಿ ಆ ನಿಯಮದ ಒಂದು ಬೇರು; ಜನಪ್ರಿಯನಾದ ಖಳನು ಮುಂದಿನ ಸಂಚಿಕೆಗೂ ಒದಗಬೇಕೆಂಬ ವ್ಯಾಪಾರದ ಲೆಕ್ಕಾಚಾರ ಇನ್ನೊಂದು ಬೇರು.

ಈ ಎರಡನೆಯ ಬೇರನ್ನು ನೀವು ಮರೆಯದಿರಬೇಕೆಂದು ನನ್ನ ಪ್ರಾರ್ಥನೆ. ನಿಮ್ಮ ಆಕ್ಷೇಪಣೆಯಲ್ಲಿ ಬಲವಿಲ್ಲದಿಲ್ಲ: ಜೋಕರನು ಸೆರೆಮನೆಯಿಂದ ತಪ್ಪಿಸಿಕೊಂಡು ಬಂದಾಗಲೆಲ್ಲ ನಿರಪರಾಧಿಗಳು ಸಾಯುತ್ತಾರೆ, ಆ ಸಾವುಗಳ ಭಾರವು ಅವನನ್ನು ಉಳಿಸಿದವನ ಹೆಗಲಿಗೆ ಬಾರದೆ ಹೇಗೆ ಹೋದೀತು ಎಂಬುದು ನಿಮ್ಮ ವಾದ. ನಾನು ಕೇಳುವುದಿಷ್ಟೆ: ಆ ಸೆರೆಮನೆಯ ಬಾಗಿಲನ್ನು ತೆರೆದವರು ಯಾರು? ಗೋಥಮ್ ಎಂಬ ಆ ಕಲ್ಪಿತ ನಗರದಲ್ಲಿ ಗೋಡೆಗಳು ತಾವಾಗಿ ಬೀಳುವುದಿಲ್ಲ, ಕಾವಲುಗಾರರು ತಾವಾಗಿ ನಿದ್ರಿಸುವುದಿಲ್ಲ. ಎಂಬತ್ತು ವರ್ಷಗಳಿಗೂ ಮಿಕ್ಕು ಆ ಬಾಗಿಲನ್ನು ಮತ್ತೆ ಮತ್ತೆ ತೆರೆಯುತ್ತ ಬಂದಿರುವುದು ಲೇಖಕರ ಕೈ. ಮುಂದಿನ ತಿಂಗಳ ಸಂಚಿಕೆಗಾಗಿ ಖಳನನ್ನು ಹೊರಬಿಟ್ಟು, ಅವನಿಂದ ನೂರಾರು ಜನರನ್ನು ಕೊಲ್ಲಿಸಿ, ಕಡೆಯಲ್ಲಿ ನಾಯಕನ ಕರುಣೆಯೇ ಇದಕ್ಕೆಲ್ಲ ಕಾರಣವೆಂದು ಓದುಗನು ತೀರ್ಮಾನಿಸುವಂತೆ ಮಾಡುವುದು ಧರ್ಮಜಿಜ್ಞಾಸೆಯಾಗಲಾರದು. ಮುಗಿಯಬೇಕಾದ ಕಥೆಯನ್ನು ಮುಗಿಯಗೊಡದಿದ್ದುದರ ಫಲ ಅದು. ನಮ್ಮ ಭಾಗವತದಲ್ಲಿಯೂ ಕೃಷ್ಣನು ಹದಿನೇಳು ಬಾರಿ ಸೋತ ಜರಾಸಂಧನನ್ನು ಕೊಲ್ಲಗೊಡದೆ, ಅವನು ಮತ್ತೆ ಸೈನ್ಯ ತರಲೆಂದು ಬಿಟ್ಟುಕಳುಹಿಸುತ್ತಾನೆ. ಆದರೆ ಆ ಕಥೆಗೆ ಹದಿನೆಂಟನೆಯ ದಂಡಯಾತ್ರೆಯಲ್ಲಿ ಒಂದು ತಿರುವೂ, ಭೀಮನ ಕೈಯಲ್ಲಿ ಒಂದು ಕೊನೆಯೂ ಉಂಟು.

ಓದುಗರ ಕೈಗೆ ಸಾವಿನ ತೀರ್ಪನ್ನು ಕೊಟ್ಟರೆ ಏನಾಗುತ್ತದೆಂಬುದಕ್ಕೂ ಬ್ಯಾಟ್‌ಮನ್ನನ ಕಥಾಮಾಲೆಯಲ್ಲಿಯೇ ದೃಷ್ಟಾಂತವಿದೆ. 1988ರಲ್ಲಿ ಜೋಕರನ ಕೈಗೆ ಸಿಕ್ಕಿದ್ದ ಜೇಸನ್ ಟಾಡ್ ಎಂಬ ಹುಡುಗ, ಅಂದರೆ ಬ್ಯಾಟ್‌ಮನ್ನನ ಶಿಷ್ಯ, ಬದುಕಬೇಕೇ ಸಾಯಬೇಕೇ ಎಂಬುದನ್ನು ದೂರವಾಣಿಯ ಮೂಲಕ ಮತ ಹಾಕಿ ನಿರ್ಧರಿಸಬೇಕೆಂದು ಪ್ರಕಾಶಕರು ಓದುಗರನ್ನು ಕೇಳಿದರು. ಸಾವಿನ ಪರವಾಗಿ 5,343 ಮತಗಳೂ ಬದುಕಿನ ಪರವಾಗಿ 5,271 ಮತಗಳೂ ಬಂದವು. ಎಪ್ಪತ್ತೆರಡು ಮತಗಳ ಅಂತರದಲ್ಲಿ ಆ ಹುಡುಗ ಸತ್ತನು. ಖಳನಲ್ಲ, ನಾಯಕನ ಪಕ್ಷದ ಒಬ್ಬ ಬಾಲಕ! ಮರಣವು ಬೆರಳ ತುದಿಯ ಸುಖವಾದಾಗ ಅದು ಯಾರ ಮೇಲೆ ಎರಗುತ್ತದೆಂಬುದು ಯಾರ ಹತೋಟಿಯಲ್ಲಿಯೂ ಉಳಿಯುವುದಿಲ್ಲ.

ಇನ್ನು ನಮ್ಮ ಕಡೆಯ ಸಂಗತಿಗೆ ಬರುತ್ತೇನೆ, ಏಕೆಂದರೆ ಭಾರತದ ಚಿತ್ರಕಥೆಗಳ ಚರಿತ್ರೆಯು ಈ ಮುಂಬಯಿಯಲ್ಲಿಯೇ, ಅದರಲ್ಲಿಯೂ ನಮ್ಮವರ ಕೈಗಳಲ್ಲಿಯೇ, ಬಹುಮಟ್ಟಿಗೆ ರೂಪುಗೊಂಡಿತೆಂಬುದನ್ನು ನಿಮ್ಮಲ್ಲಿ ಅನೇಕರು ಅರಿಯರು. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿ, ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಹನ್ನೆರಡರ ವಯಸ್ಸಿನಲ್ಲಿ ಈ ನಗರಕ್ಕೆ ಬಂದು, ಮಾಹಿಮಿನ ಶಾಲೆಯಲ್ಲಿ ಓದಿ, ರಸಾಯನತಂತ್ರದ ಪದವೀಧರರಾಗಿಯೂ ಆ ದಾರಿಯನ್ನು ಬಿಟ್ಟು ಮಕ್ಕಳ ಪುಸ್ತಕಗಳ ಕಡೆಗೆ ತಿರುಗಿದ ಅನಂತ ಪೈ ಅವರು, 1964ರ ಮಾರ್ಚಿನಲ್ಲಿ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯು ಆರಂಭಿಸಿದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಕೆಲಸ ಮಾಡಿದವರು. ಆ ಮಾಲೆಯ ನಾಯಕ ಫ್ಯಾಂಟಮ್, ಸೂಪರ್‌ಮನ್ನನಿಗಿಂತ ಎರಡು ವರ್ಷ ಹಿರಿಯ; ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆ ಪ್ರತಿಜ್ಞೆ ಮಾಡಿದ ವಂಶದವನು. ಅಂಥ ವಂಶದವನಾಗಿಯೂ ಅವನು ಸಾಮಾನ್ಯವಾಗಿ ಮಾಡುವುದೇನು? ವೈರಿಯ ಕೈಯಲ್ಲಿನ ಪಿಸ್ತೂಲನ್ನು ಗುಂಡಿನಿಂದ ಹಾರಿಸುತ್ತಾನೆ. ಮುಷ್ಟಿಯಿಂದ ಗುದ್ದಿ, ತನ್ನ ಉಂಗುರದ ಬುರುಡೆಯ ಮುದ್ರೆಯನ್ನು ಅವನ ದವಡೆಯ ಮೇಲೆ ಒತ್ತಿ ಬಿಡುತ್ತಾನೆ. ಖಳನು ಬದುಕಿರುತ್ತಾನೆ, ಆದರೆ ತಾನು ಮಾಡಿದುದನ್ನು ಮುಖದ ಮೇಲೆ ಹೊತ್ತುಕೊಂಡು ಬದುಕಬೇಕಾಗುತ್ತದೆ. ಕೊಲ್ಲದೆ ದಂಡಿಸುವುದಕ್ಕೆ ಇದಕ್ಕಿಂತ ಉಚಿತವಾದ ಚಿತ್ರವನ್ನು ನಾನು ಬೇರೆ ಕಾಣೆ.

ಅನಂತ ಪೈ ಅವರು 1967ರಲ್ಲಿ ಕೈಹಾಕಿದ ಅಮರ ಚಿತ್ರ ಕಥೆಯಲ್ಲಿ ಧರ್ಮವು ಬೇರೆ ರೀತಿಯದು. ಅದರ ಮೊದಲ ಹತ್ತು ಸಂಚಿಕೆಗಳು ಪರದೇಶದ ಮಕ್ಕಳ ಕಥೆಗಳಾಗಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಕನ್ನಡದಲ್ಲಿ ಹೊರಬಂದಿದ್ದವೆಂಬುದನ್ನು ಕನ್ನಡಿಗರಾದ ನೀವು ಅಭಿಮಾನದಿಂದ ನೆನೆಯಬೇಕು. ಹನ್ನೊಂದನೆಯದಾದ ‘ಕೃಷ್ಣ’ದಿಂದ ಪುರಾಣಗಳು ಆರಂಭವಾದವು, ಪುರಾಣಗಳೊಡನೆ ವಧೆಗಳೂ ಬಂದವು. ಕಂಸ, ಜರಾಸಂಧ, ರಾವಣ, ಮಹಿಷ ಎಲ್ಲರೂ ಆ 32 ಪುಟಗಳ ಹೊತ್ತಗೆಗಳಲ್ಲಿ ಸತ್ತರು. ಆ ಮಾಲೆಯ ಉಪಕಾರವನ್ನು ನಾನು ಕಡಿಮೆ ಮಾಡಿ ಹೇಳಲಾರೆನು. ಸಾವಿರಾರು ಮನೆಗಳಲ್ಲಿ ಅಜ್ಜಿಯರಿಲ್ಲದ ಮಕ್ಕಳಿಗೆ ಅದು ಕಥೆ ಹೇಳಿತು. ಆದರೂ ಅಸುರರನ್ನು ಸ್ಥೂಲಕಾಯರನ್ನಾಗಿ, ಕಪ್ಪು ಹಸುರು ಮೈಬಣ್ಣದವರನ್ನಾಗಿ, ಕೆಂಗಣ್ಣು ಕೋರೆದಾಡೆಗಳವರನ್ನಾಗಿ ಚಿತ್ರಿಸಿದುದರಿಂದ, ಅವರು ಸಾಯುವಾಗ ಮಗುವಿನ ಮನಸ್ಸಿಗೆ ಯಾವ ಅಳುಕೂ ತಟ್ಟದಂತಾಯಿತು. ಈ ದೋಷವನ್ನು ವಿದ್ವಾಂಸರು ಎತ್ತಿ ತೋರಿಸಿದ್ದಾರೆ. ನಿಮ್ಮ ಪುಟಗಳಲ್ಲಿಯೂ ಅದು ಇಳಿದುಬಂದಿದೆ. ಅದೇ ಅನಂತ ಪೈ ಅವರು 1980ರಲ್ಲಿ ಆರಂಭಿಸಿದ ಟಿಂಕಲ್ ಪತ್ರಿಕೆಯಲ್ಲಿ ಕಾಲಿಯಾ ಎಂಬ ಕಾಗೆಯು ಚಮಟಕನೆಂಬ ನರಿಯನ್ನೂ ಡೂಬ್ ಡೂಬ್ ಎಂಬ ಮೊಸಳೆಯನ್ನೂ ವರ್ಷಾನುಗಟ್ಟಲೆ ಬುದ್ಧಿಯೊಂದರಿಂದಲೇ ಸೋಲಿಸಿತು. ಅವೆರಡೂ ಸಾಯಲಿಲ್ಲ, ಓದುವ ಮಗುವಿಗೆ ನ್ಯಾಯದಲ್ಲಿ ಕೊರತೆಯೂ ತೋರಲಿಲ್ಲ.

ಕಾರ್ಕಳದ ಹೆಸರೆತ್ತಿದಾಗ ಮನಸ್ಸು ಅಲ್ಲಿಯ ಬೆಟ್ಟದ ಕಡೆಗೆ ಹೋಗದೆ ಇರಲಾರದು. 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಸುಮಾರು 42 ಅಡಿಯ ಆ ಬಾಹುಬಲಿಯನ್ನು ನಿಮ್ಮಲ್ಲಿ ಬಹುಮಂದಿ ರಜೆಯಲ್ಲಿ ಊರಿಗೆ ಹೋದಾಗ ಕಂಡಿರುತ್ತೀರಿ. ಅವನು ಯಾರೆಂದು ಯೋಚಿಸಿದ್ದೀರಾ? ಪಂಪನು 941ರಲ್ಲಿ ರಚಿಸಿದ ಆದಿಪುರಾಣದಲ್ಲಿ ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾಗಿ ನಿಂತಾಗ, ಸೈನಿಕರು ವೃಥಾ ಸಾಯಬಾರದೆಂದು ಮಂತ್ರಿಗಳು ಅಣ್ಣತಮ್ಮಂದಿರಿಗೇ ಮೂರು ಯುದ್ಧಗಳನ್ನು ವಿಧಿಸುತ್ತಾರೆ: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರರಲ್ಲಿಯೂ ತಮ್ಮನೇ ಗೆಲ್ಲುತ್ತಾನೆ. ಅಣ್ಣನನ್ನು ಭುಜದ ಮೇಲಕ್ಕೆ ಎತ್ತಿದವನು ನೆಲಕ್ಕೆ ಅಪ್ಪಳಿಸಬಹುದಾಗಿತ್ತು. ಅಪ್ಪಳಿಸಲಿಲ್ಲ, ಮೆಲ್ಲನೆ ಇಳಿಸಿದನು. ಅಪಮಾನಿತನಾದ ಭರತನು ಚಕ್ರರತ್ನವನ್ನೇ ಪ್ರಯೋಗಿಸಿದನು. ಅದು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ಗೆದ್ದವನು ರಾಜ್ಯವನ್ನು ಸೋತವನಿಗೇ ಬಿಟ್ಟು ತಪಸ್ಸಿಗೆ ಹೊರಟನು. ನೀವು ಯಾವ ಅತಿಮಾನುಷ ಬಲವನ್ನು ಚಿತ್ರಿಸಲು ಹಂಬಲಿಸುತ್ತೀರೋ ಅದರ ಪರಮಾವಧಿಯನ್ನು ಕನ್ನಡಿಗರು ಕಲ್ಲಿನಲ್ಲಿ ಕಡೆದು ನಿಲ್ಲಿಸಿದಾಗ, ಕೊಲ್ಲಬಲ್ಲವನಾಗಿಯೂ ಕೊಲ್ಲದವನನ್ನು ಆರಿಸಿಕೊಂಡರು.

ರಾಮನು ರಾವಣನನ್ನು ಬಿಟ್ಟನೆ ಎಂದು ಕೇಳಿದಿರಲ್ಲವೆ? ವಾಲ್ಮೀಕಿಯ ರಾಮನು ಬಿಡಲಿಲ್ಲ. ಆದರೆ ಕನ್ನಡದಲ್ಲಿ, ಸುಮಾರು ಒಂಬೈನೂರು ವರ್ಷಗಳ ಹಿಂದೆ, ಅಭಿನವಪಂಪನೆನಿಸಿಕೊಂಡ ನಾಗಚಂದ್ರನು ರಚಿಸಿದ ರಾಮಚಂದ್ರಚರಿತಪುರಾಣದಲ್ಲಿ ರಾಮನು ರಾವಣನನ್ನು ಕೊಲ್ಲುವುದೇ ಇಲ್ಲ. ವಿಮಲಸೂರಿಯಿಂದ ಬಂದ ಜೈನಪರಂಪರೆಯಲ್ಲಿ ರಾಮನು ಬಲದೇವ, ಲಕ್ಷ್ಮಣನು ವಾಸುದೇವ, ರಾವಣನು ಪ್ರತಿವಾಸುದೇವ. ಕೊಲ್ಲುವ ಕರ್ಮವು ವಾಸುದೇವನ ಪಾಲಿನದು. ರಾವಣನು ಎಸೆದ ಚಕ್ರವು ಲಕ್ಷ್ಮಣನಿಗೆ ಬಲವಂದು ಅವನ ಕೈಸೇರುತ್ತದೆ. ಲಕ್ಷ್ಮಣನು ಅದನ್ನೇ ತಿರುಗಿ ಎಸೆದು ರಾವಣನನ್ನು ಸಂಹರಿಸುತ್ತಾನೆ. ಅಲ್ಲಿಗೆ ಕಥೆ ನಿಲ್ಲುವುದಿಲ್ಲ: ಕೊಂದ ಲಕ್ಷ್ಮಣನು ನರಕಕ್ಕೆ ಹೋಗುತ್ತಾನೆ, ಕೊಲ್ಲದ ರಾಮನು ತಪಸ್ಸಿನಿಂದ ಮುಕ್ತಿ ಪಡೆಯುತ್ತಾನೆ. ಬಾಹುಬಲಿಯ ಬಳಿ ಬಂದು ನಿಂತ ಚಕ್ರವನ್ನೂ ಲಕ್ಷ್ಮಣನ ಕೈಸೇರಿದ ಚಕ್ರವನ್ನೂ ಒಟ್ಟಿಗೆ ಇಟ್ಟು ನೋಡಿರಿ. ಇಬ್ಬರ ಪಕ್ಕಕ್ಕೂ ಅಜೇಯವಾದ ಆಯುಧವು ತಾನಾಗಿಯೇ ಬಂದಿತು; ಒಬ್ಬನು ಅದನ್ನು ಮುಟ್ಟಲಿಲ್ಲ, ಇನ್ನೊಬ್ಬನು ಎಸೆದನು. ಎಸೆದವನನ್ನು ಕವಿ ಹೀಯಾಳಿಸುವುದಿಲ್ಲ, ಆ ವಧೆ ಅನ್ಯಾಯವೆಂದೂ ಸಾರುವುದಿಲ್ಲ. ಆದರೆ ಅದರ ಬೆಲೆಯನ್ನು ಅವನ ಲೆಕ್ಕದಿಂದ ಅಳಿಸಿಯೂ ಹಾಕುವುದಿಲ್ಲ. ಸತ್ತವನಾದರೋ ಬರಿಯ ರಾಕ್ಷಸನಲ್ಲ: ಸೀತೆಯ ದೃಢತೆಯನ್ನು ಕಂಡು ಪಶ್ಚಾತ್ತಾಪಗೊಂಡು, ಅವಳನ್ನು ಹಿಂದಿರುಗಿಸಲು ನಿಶ್ಚಯಿಸಿ, ಹೆದರಿ ಒಪ್ಪಿಸಿದನೆಂಬ ಅಪಕೀರ್ತಿ ಬರಬಾರದೆಂದು ಗೆದ್ದ ಮೇಲೆ ಒಪ್ಪಿಸಲೆಳಸಿ ಯುದ್ಧಕ್ಕೆ ಹೊರಟವನು. ಕಲೀನದ ವಿದ್ಯಾನಗರಿಯಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವು ನಿಮ್ಮ ಮನೆಗಳಿಗೆ ಅಷ್ಟು ಸಮೀಪದಲ್ಲಿರುವಾಗ, ಈ ಕಾವ್ಯವನ್ನು ಗುರುಮುಖದಿಂದ ಕೇಳುವ ಅವಕಾಶವನ್ನು ನೀವು ಬಿಡಬಾರದು.

ಕಾವ್ಯವು ದೂರವೆನಿಸಿದರೆ, ಪಾತ್ರಗಳ ಮಾತನ್ನು ಕುಳಿತೇ ಆಡುವ ಯಕ್ಷಗಾನ ತಾಳಮದ್ದಳೆ ಹತ್ತಿರವೇ ಇದೆ. ಸಾಂತಾಕ್ರೂಜಿನ ಬಿಲ್ಲವ ಭವನದಲ್ಲಿಯೂ ಪೇಜಾವರ ಮಠದಲ್ಲಿಯೂ ಊರಿನಿಂದ ಬಂದ ಅರ್ಥಧಾರಿಗಳು ಕುಳಿತು ವಾಲಿಯ ಪ್ರಸಂಗವನ್ನು ನಡೆಸುವಾಗ ಗಮನಿಸಿರಿ. ಬಾಣವು ನಾಟುವುದು ಒಂದು ಪದ್ಯದಲ್ಲಿ ಮುಗಿದುಹೋಗುತ್ತದೆ. ಜನರು ಕಾದಿರುವುದು ಅದರ ಅನಂತರದ ಗಳಿಗೆಗಾಗಿ. ನೆಲಕ್ಕೊರಗಿದ ವಾಲಿಯು ಕೇಳುತ್ತಾನೆ: ನಿನಗೆ ನಾನೇನು ಕೇಡು ಮಾಡಿದ್ದೆ, ಮರೆಯಲ್ಲಿ ನಿಂತು ಏಕೆ ಹೊಡೆದೆ, ಕಪಿಯನ್ನು ದಂಡಿಸುವ ಅಧಿಕಾರವನ್ನು ನಿನಗಾರು ಕೊಟ್ಟರು? ರಾಮನ ಪಾತ್ರಧಾರಿಯು ಈ ಪ್ರಶ್ನೆಗಳಿಂದ ಓಡಿಹೋಗುವಂತಿಲ್ಲ. ಒಂದೊಂದಕ್ಕೂ ಉತ್ತರ ಕೊಡಬೇಕು, ಉತ್ತರವು ದುರ್ಬಲವಾದರೆ ಸಭೆಗೆ ತಿಳಿದುಹೋಗುತ್ತದೆ. ಅವತಾರಪುರುಷನನ್ನು ಅವನ ಬಾಣಕ್ಕೆ ಈಡಾದವನೇ ವಿಚಾರಣೆಗೆ ಗುರಿಪಡಿಸುವ, ಭಕ್ತರಾದ ಶ್ರೋತೃಗಳೇ ಆ ವಿಚಾರಣೆಯನ್ನು ಸಮ್ಮತಿಸಿ ತಲೆದೂಗುವ ಈ ಕಲೆಯನ್ನು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಓದಿದ ನಮ್ಮ ಹಿರಿಯರು ಈ ನಗರಕ್ಕೆ ಹೊತ್ತು ತಂದರು. ದೇವೀಮಹಾತ್ಮೆಯ ಯಕ್ಷಗಾನ ಆಟದಲ್ಲಿಯೂ ಅಷ್ಟೆ: ಮಹಿಷನ ಮರಣ ಎಲ್ಲರಿಗೂ ಗೊತ್ತಿದ್ದುದೇ, ಆದರೂ ಅವನ ಪ್ರವೇಶಕ್ಕೆ ಸಲ್ಲುವ ವೈಭವದಲ್ಲಿ ಕಿಂಚಿತ್ತೂ ಕೊರತೆಯಾಗದು.

ಈಗ ನಾನು ಹೇಳಬೇಕಾದುದರಲ್ಲಿ ಅತ್ಯಂತ ಕಠಿಣವಾದ ಭಾಗ. ನಿಮ್ಮ ನಾಯಕರು ಹಾರಾಡುವ ಆಕಾಶವು ಗೋಥಮಿನದಲ್ಲ, ಮುಂಬಯಿಯದು. ಇಲ್ಲಿ ಖಳನನ್ನು ವಿಚಾರಣೆಯಿಲ್ಲದೆ ಕೊಲ್ಲುವುದು ಬರಿಯ ಕಲ್ಪನೆಯಾಗಿ ಉಳಿದಿಲ್ಲ. 1982ರ ಜನವರಿ 11ರಂದು ವಡಾಲದಲ್ಲಿ ಮನ್ಯಾ ಸುರ್ವೆ ಎಂಬ ಪಾತಕಿಯು ಪೊಲೀಸರ ಗುಂಡಿಗೆ ಸತ್ತುದನ್ನು ಈ ನಗರದ ಮೊದಲ ‘ಎನ್‌ಕೌಂಟರ್’ ಎಂದು ಹೇಳುವುದುಂಟು. ಅಲ್ಲಿಂದ ಮುಂದೆ, ವಿಶೇಷವಾಗಿ ತೊಂಬತ್ತರ ದಶಕದಲ್ಲಿ, ಸುಲಿಗೆಕೋರರ ಭಯದಿಂದ ಬಳಲಿದ್ದ ಜನರು ಇಂಥ ಸಾವುಗಳನ್ನು ಹರ್ಷದಿಂದಲೇ ಸ್ವಾಗತಿಸಿದರು; ಗುಂಡು ಹಾರಿಸಿದವರು ಪತ್ರಿಕೆಗಳಲ್ಲಿ ನಾಯಕರಾದರು, ಚಲನಚಿತ್ರಗಳಿಗೆ ವಸ್ತುವಾದರು. ಆ ಭಯವು ಸುಳ್ಳಾಗಿರಲಿಲ್ಲ. ಹೋಟೆಲು ನಡೆಸುತ್ತಿದ್ದ ನಮ್ಮವರೂ ಅದನ್ನು ಉಂಡವರೇ. ಆದರೆ 2006ರ ನವೆಂಬರಿನಲ್ಲಿ ವರ್ಸೋವಾದಲ್ಲಿ ನಡೆದಿತ್ತೆನ್ನಲಾದ ಒಂದು ಎನ್‌ಕೌಂಟರ್ ನಕಲಿಯೆಂದು ಸಾಬೀತಾಗಿ, 2013ರಲ್ಲಿ ಸೆಷನ್ಸ್ ನ್ಯಾಯಾಲಯವು 21 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅವರಲ್ಲಿ 13 ಮಂದಿ ಪೊಲೀಸರು. ಮರುವರ್ಷ ಸರ್ವೋಚ್ಚ ನ್ಯಾಯಾಲಯವು, ಮಹಾರಾಷ್ಟ್ರದಿಂದಲೇ ಹೋದ ಮೊಕದ್ದಮೆಯಲ್ಲಿ, ಇಂಥ ಪ್ರತಿಯೊಂದು ಸಾವನ್ನೂ ಸ್ವತಂತ್ರವಾಗಿ ತನಿಖೆ ಮಾಡಬೇಕೆಂದು 16 ನಿಯಮಗಳನ್ನು ವಿಧಿಸಿತು. ಘಟನೆಯ ಬೆನ್ನಿಗೇ ಅಧಿಕಾರಿಗಳಿಗೆ ಬಡ್ತಿಯನ್ನೂ ಶೌರ್ಯಪ್ರಶಸ್ತಿಯನ್ನೂ ಕೊಡಕೂಡದೆಂಬುದು ಅವುಗಳಲ್ಲೊಂದು. ನಿಮ್ಮ ಕೊನೆಯ ಪುಟದ ಜಯಘೋಷವನ್ನು ನೋಡಿದಾಗ ನನಗೆ ಆ ನಿಯಮವೇ ನೆನಪಾಯಿತು. ದೇಶದ ಉನ್ನತ ನ್ಯಾಯಪೀಠವು ನಿಜವಾದ ಮನುಷ್ಯರಿಗೆ ಬೇಡವೆಂದ ಚಪ್ಪಾಳೆಯನ್ನು ನಾವು ಕಲ್ಪಿತ ಮನುಷ್ಯರಿಗೆ ಕೊಟ್ಟು, ಹತ್ತು ವರ್ಷದ ಓದುಗನ ಕೈಯಿಂದಲೂ ತಟ್ಟಿಸುವುದು ಸರಿಯೆ? ಅಂಗಿಯ ಮೇಲೆ ಲಾಂಛನ ಧರಿಸಿದವನಿಗೆ ಅಪರಾಧಿ ಯಾರೆಂದು ಸಂದೇಹವಿಲ್ಲದೆ ತಿಳಿದಿರುತ್ತದೆ, ಏಕೆಂದರೆ ಲೇಖಕನೇ ಅವನ ಕಿವಿಯಲ್ಲಿ ಹೇಳಿರುತ್ತಾನೆ. ಬೀದಿಯಲ್ಲಿ ನಿಂತವನ ಕಿವಿಯಲ್ಲಿ ಹಾಗೆ ಹೇಳುವವರಾರೂ ಇಲ್ಲ.

ಆದಕಾರಣ ನನ್ನ ಮತವನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತೇನೆ. ನಿಮ್ಮ ನಾಯಕನು ಕೊಲ್ಲದಿರಲಿ. ಕಥೆಗೆ ಒಂದು ಕೊನೆಯನ್ನು ಕೊಡಿ, ಸೆರೆಮನೆಯ ಬಾಗಿಲನ್ನು ಮತ್ತೆ ತೆರೆಯದಿರಿ. ಆಗ ಕರುಣೆಯು ಊರಿಗೆ ಹಾನಿಯಾಗುವ ಪ್ರಸಂಗವೇ ಬಾರದು. ಖಳನು ಮನಸ್ಸು ತಿರುಗಿಸಿಕೊಳ್ಳುವುದನ್ನು ಚಿತ್ರಿಸಲು ನಾಚಬೇಡಿ. ಹುಲಿಯ ಮನಸ್ಸು ಹಸುವಿನ ಸತ್ಯದಿಂದ ಕರಗಿತೆಂಬ ಗೋವಿನ ಹಾಡನ್ನು ನಂಬಿ ಬೆಳೆದ ಭಾಷೆ ನಮ್ಮದು. ಕೊಲ್ಲದೆ ಗತ್ಯಂತರವಿಲ್ಲ, ಒಂದು ಶಾಲೆಯ ಮಕ್ಕಳೋ ಒಂದು ರೈಲಿನ ಜನರೋ ಆ ಕ್ಷಣದಲ್ಲಿ ಸಾಯುತ್ತಾರೆ, ಎಂಬ ಸಂಕಟದಲ್ಲಿ ನಿಮ್ಮ ನಾಯಕನು ಸಿಲುಕಿದರೆ, ಕೊಲ್ಲಲಿ; ಆದರೆ ಲಕ್ಷ್ಮಣನು ಹೊತ್ತುದನ್ನು ಅವನೂ ಹೊರಲಿ. ವಾಲ್ಮೀಕಿಯ ರಾಮನೂ ರಾವಣನು ಬಿದ್ದ ಮೇಲೆ, ಹಿಂಜರಿದ ವಿಭೀಷಣನಿಂದಲೇ ಅವನಿಗೆ ಅಂತ್ಯಸಂಸ್ಕಾರ ಮಾಡಿಸಿದನು. ಮಂಡೋದರಿಯು ರಣಭೂಮಿಗೆ ಬಂದು ಅತ್ತಳು, ಆದಿಕವಿಯು ಆ ಅಳುವಿಗೆ ಎಡೆಗೊಟ್ಟನು.

ಒಂದು ಕೆಲಸದ ಮಾತನ್ನು ಹೇಳಿ ಮುಗಿಸುತ್ತೇನೆ. ನೀವೆಲ್ಲರೂ ಹಳೆಯ ಪದ್ಧತಿಯಂತೆ 32 ಪುಟಗಳನ್ನೇ ಇಟ್ಟುಕೊಂಡಿದ್ದೀರಿ, ಮತ್ತು ಹೊಡೆದಾಟವನ್ನು 32ನೆಯ ಪುಟದ ಅಂಚಿನವರೆಗೂ ಎಳೆದಿದ್ದೀರಿ. ಮುಂದಿನ ಕಥೆಯಲ್ಲಿ ಹೊಡೆದಾಟವು 28ನೆಯ ಪುಟಕ್ಕೆ ಮುಗಿಯಲಿ. ಉಳಿದ ನಾಲ್ಕರಲ್ಲಿ ಎರಡು ಪುಟಗಳನ್ನು ಖಳನ ಮಾತಿಗೆ ಬಿಡಿ, ಅರ್ಥಧಾರಿಯು ವಾಲಿಗೆ ಬಿಡುವಂತೆ. ನಾಯಕನ ಉತ್ತರಕ್ಕೆ ಒಂದು ಪುಟ ಸಾಕು. ಕೊನೆಯದರಲ್ಲಿ ಸೋತವನ ಮನೆಯನ್ನು ಚಿತ್ರಿಸಿ, ಅವನಿಗೂ ಒಬ್ಬ ತಾಯಿಯೋ ಮಗಳೋ ಇದ್ದಾಳು. ಹಾಗೆ ಬರೆದ ಹಸ್ತಪ್ರತಿಯನ್ನು ನನ್ನ ಬಳಿಗೆ ತನ್ನಿರಿ. ಭಾಷೆಯ ತಿದ್ದುಪಡಿಯ ಕೆಲಸವನ್ನು ನಾನು ಸಂತೋಷದಿಂದ ವಹಿಸಿಕೊಳ್ಳುತ್ತೇನೆ, ಮತ್ತು ಅಚ್ಚಿಗೆ ಹೋಗುವ ಮೊದಲು ಒಬ್ಬಿಬ್ಬರು ಅರ್ಥಧಾರಿಗಳಿಂದ ಆ ನಾಲ್ಕು ಪುಟಗಳ ಸಂಭಾಷಣೆಯನ್ನು ಗಟ್ಟಿಯಾಗಿ ಓದಿಸಿ ನೋಡೋಣ.

ಇತಿ,
ನಿಮ್ಮ ಹಿತಾಕಾಂಕ್ಷಿಯಾದ ಸಾಂತಾಕ್ರೂಜಿನ ಓದುಗ